ಹೊರುವ ಮಂಗಳವಾರ

ಆ ಕೆರೆಗೆ ಆಚೆಯ ದಡವೊಂದು ಇದೆಯೆಂದು ಊರಿನವರೆಲ್ಲ ನಂಬಿದ್ದರು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಅಲ್ಲಿಂದ ದೋಣಿಗಳು ಬರುತ್ತಿದ್ದವು, ದೋಣಿಗಳಲ್ಲಿ ಪಾತ್ರೆ, ಪೆಟ್ಟಿಗೆ, ಬಣ್ಣದ ಬಟ್ಟೆ ಬರುತ್ತಿದ್ದವು. ಬರುವುದಕ್ಕೆ ಒಂದು ಜಾಗ ಇರಲೇಬೇಕಲ್ಲ ಎಂದು ಜನ ಸಮಾಧಾನ ಮಾಡಿಕೊಂಡಿದ್ದರು.

ಈಚೆಯ ದಡದಲ್ಲಿ ಒಂದೇ ಬೀದಿ. ಬೀದಿಯ ಕೆಳಗಿನ ತುದಿ ನೀರಿಗೆ ತಾಗಿತ್ತು, ಮೇಲಿನ ತುದಿ ಒಂದು ದಿಬ್ಬಕ್ಕೆ ಏರಿತ್ತು. ದಿಬ್ಬದ ಮೇಲೆ ಕಲ್ಲಿನ ದೇವಾಲಯ, ಅದರ ಪಕ್ಕಕ್ಕೆ ತುದಿಯಲ್ಲಿ ಶಿಲುಬೆಯಿದ್ದ ಗಂಟೆಯ ಗೋಪುರ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಕೆರೆ ತನ್ನಷ್ಟಕ್ಕೆ ತಾನು ಇರುತ್ತಿತ್ತು. ಉಪವಾಸದ ದಿನಗಳು ಶುರುವಾಗುವ ಬೂದಿ ಬುಧವಾರದ ಹಿಂದಿನ ಮಂಗಳವಾರ ಮಾತ್ರ ಎದ್ದು ಬೀದಿಗೆ ಬರುತ್ತಿತ್ತು.

ಅಂದು ಮಧ್ಯಾಹ್ನದ ಪೂಜೆ ಮುಗಿದ ಕೂಡಲೇ ಮೊದಲನೇ ಗಂಟೆ ಆಗುತ್ತಿತ್ತು. ಮನೆಯಲ್ಲಿ ಏನೇನು ಇದೆಯೋ ಅದನ್ನೆಲ್ಲ ಎತ್ತಿಕೊಂಡು ಎಲ್ಲರೂ ಹೊಸ್ತಿಲ ಹೊರಗೆ ನಿಲ್ಲಬೇಕು. ಎರಡನೇ ಗಂಟೆಗೆ ನಡೆಯಬೇಕು, ಬೀದಿ ಹತ್ತಿ, ದೇವಾಲಯಕ್ಕೆ ಒಂದು ಸುತ್ತು ಬರಬೇಕು. ಅಷ್ಟರಲ್ಲಿ ನೀರು ಬೀದಿಗೆ ಬಂದು, ಪ್ರತಿ ಮನೆಯ ಬಾಗಿಲು ದಾಟಿ ಒಳಗೆ ಹೋಗಿ, ಮೂಲೆ ಮೂಲೆ ತಡವುತ್ತಿತ್ತು. ಶಿಲುಬೆಯ ನೆರಳು ದೇವಾಲಯದ ಹೊಸ್ತಿಲು ಮುಟ್ಟಿದಾಗ ಮೂರನೇ ಗಂಟೆ. ಆಗ ನೀರು ನಿಂತು ಹಿಂದಿರುಗುತ್ತಿತ್ತು. ಆ ಗಂಟೆಯನ್ನು ಮುಂಚೆ ಬಾರಿಸಿದರೆ ನೀರು ಕೇಳುವುದಿಲ್ಲ, ತಡವಾದರೆ ನಿಲ್ಲುವುದಿಲ್ಲ. ಮೊದಲನೇ ಗಂಟೆಗೂ ಮೂರನೇ ಗಂಟೆಗೂ ನಡುವೆ ಮನೆಯಲ್ಲಿ ಬಿಟ್ಟದ್ದು ನೀರಿನದು. ಹೊತ್ತವರು ದಣಿದು ದಾರಿಯಲ್ಲಿ ಇಳಿಸಿದರೆ ಅದೂ ನೀರಿನದು, ಮತ್ತೆ ಎತ್ತುವಂತಿಲ್ಲ. ಹೊತ್ತದ್ದು ನಿನ್ನದು, ಇಟ್ಟದ್ದು ನೀರಿನದು. ಮಕ್ಕಳಿಗೆ ಮಾತು ಬರುವಾಗ ಆ ಊರಿನ ತಾಯಂದಿರು ಅಪ್ಪ, ಅಮ್ಮ ಎಂಬುದರ ಜೊತೆಗೆ ಇದನ್ನೂ ಕಲಿಸುತ್ತಿದ್ದರು.

ಬೀದಿಯ ಕೆಳತುದಿಯಲ್ಲಿ, ನೀರಿಗೆ ಎಲ್ಲರಿಗಿಂತ ಹತ್ತಿರ, ಚಾಪೆಯವಳ ಮನೆ. ಅವಳ ಹೆಸರು ಸಲೋಮಿ. ದಂಡೆಯ ಜೊಂಡು ಕೊಯ್ದು ಚಾಪೆ ಹೆಣೆಯುವುದು ಅವಳ ಕಸುಬು. ಗಂಡ ಗಂಟೆಯವನು. ಅವನ ಅಪ್ಪ, ಅಜ್ಜ ಕೂಡ ಗಂಟೆಯವರೇ. ಹೊರುವ ಮಂಗಳವಾರ ಅವನ ಎರಡು ಕೈಯೂ ಹಗ್ಗದಲ್ಲಿ ಇರುತ್ತಿದ್ದುದರಿಂದ ಮನೆಯನ್ನು ಸಲೋಮಿ ಒಬ್ಬಳೇ ಹೊರಬೇಕಾಗಿತ್ತು. ಹೊರುವುದು ಹೆಚ್ಚೇನೂ ಇರಲಿಲ್ಲ. ಒಂದು ಮಡಕೆ, ಒಂದು ಬಾಣಲೆ, ಒಂದು ಕುಡುಗೋಲು, ಎರಡು ಚಾಪೆ. ಮತ್ತೆ ಅಕ್ಕ.

ಅಕ್ಕನಿಗೆ ಕಾಲಿರಲಿಲ್ಲ ಎಂದಲ್ಲ, ಇದ್ದವು, ನಿಲ್ಲುತ್ತಿರಲಿಲ್ಲ. ಅಪ್ಪ ಅಮ್ಮ ಒಂದೇ ವಾರದ ಜ್ವರದಲ್ಲಿ ಹೋದಾಗ ಸಲೋಮಿಗೆ ಮೂರು ವರ್ಷ. ತಂಗಿಯನ್ನು ಸಾಕಲು ಅಕ್ಕ ಹತ್ತಾರು ವರ್ಷ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಜೊಂಡು ಕೊಯ್ದಳು. ನಿಂತು ನಿಂತು ಕಾಲು ಸೋತವು. ಸಲೋಮಿಯ ಮದುವೆಯ ವರ್ಷ ಅವು ಪೂರ್ತಿ ಸುಮ್ಮನಾದವು. ಅಂದಿನಿಂದ ಅಕ್ಕ ಕಿಟಕಿಯ ಪಕ್ಕ ಕೂತು ಜೊಂಡಿನ ಹುರಿ ಹೊಸೆಯುತ್ತಿದ್ದಳು. ಬೆಳಗ್ಗೆ ಬಿಸಿಲು ಮೊದಲು ಅವಳ ಮಡಿಲಿಗೆ ಬಂದು, ಆಮೇಲೆ ಮನೆಗೆ ಬರುತ್ತಿತ್ತು. ಇನ್ನೊಂದು ತುತ್ತು ಬೇಕಾ ಎಂದರೆ ಸಾಕು ಎನ್ನುತ್ತಿದ್ದಳು. ಹೊದೆಯಲು ಏನಾದರೂ ಬೇಕಾ ಎಂದರೂ ಅದೇ. ಸಾಕಿದವಳಿಗೆ ಸಾಕು ಎನ್ನಲು ಕಷ್ಟವಿರಲಿಲ್ಲ.

ಹೊರುವ ದಿನ ಬಂದಾಗ ಅಕ್ಕ ತಲೆ ಬಾಚಿ, ಸೆರಗು ಬಿಗಿದು, ಬಾಗಿಲ ಬಳಿಗೆ ತೆವಳಿಕೊಂಡು ಬಂದು, ಎರಡೂ ತೋಳುಗಳನ್ನು ಮುಂದಕ್ಕೆ ಚಾಚಿ ಕಾಯುತ್ತಿದ್ದಳು. ಸಲೋಮಿ ಬೆನ್ನು ಕೊಡುತ್ತಿದ್ದಳು. ಮಡಕೆ, ಬಾಣಲೆ ಸಲೋಮಿಯ ಕೈಯಲ್ಲಿ. ಕುಡುಗೋಲು ಸುತ್ತಿದ ಚಾಪೆ ಅಕ್ಕನ ಕಂಕುಳಲ್ಲಿ. ಹೀಗೆ ಹನ್ನೊಂದು ವರ್ಷ ಆ ಮನೆಯದು ಒಂದು ಚೂರೂ ನೀರಿಗೆ ಹೋಗಿರಲಿಲ್ಲ.

ಹನ್ನೆರಡನೆಯ ವರ್ಷ ಸಲೋಮಿ ಒಂದು ಕನ್ನಡಿ ನೋಡಿದಳು.

ಕನ್ನಡಿ ಎದುರು ಮನೆಯಾಕೆಯದು. ಆಕೆಗೆ ಎತ್ತಿನಂಥ ಮೂವರು ಗಂಡುಮಕ್ಕಳು. ಹೊರಲು ಎಂಟು ಕೈಗಳಿದ್ದ ಆ ಮನೆ ವರ್ಷದಿಂದ ವರ್ಷಕ್ಕೆ ತುಂಬುತ್ತಿತ್ತು. ಆ ಸಲದ ದೋಣಿಯಲ್ಲಿ ಬಂದ ಮೊಳದುದ್ದದ ಕನ್ನಡಿಯೊಂದನ್ನು ಕಿರಿಮಗ ಎದೆಗವಚಿಕೊಂಡು ಬೀದಿಯಲ್ಲಿ ನಿಂತಿದ್ದ. ಎರಡನೇ ಗಂಟೆಗೆ ಕಾಯುತ್ತಿದ್ದ ಸಲೋಮಿ ಅದರೊಳಗೆ ತನ್ನನ್ನು ಕಂಡಳು. ಬೆನ್ನು ಬಾಗಿ, ಎರಡು ತಲೆ, ನಾಲ್ಕು ತೋಳು, ಒಂದು ಮಸಿ ಹಿಡಿದ ಮಡಕೆ. ಇಷ್ಟು ವರ್ಷ ಹೀಗೆಯೇ ಈ ಬೀದಿಯಲ್ಲಿ ನಡೆದಿದ್ದೇನೆಯೇ ಎಂದುಕೊಂಡಳು. ಅವಳಿಗೆ ನಾಚಿಕೆಯಾಯಿತು. ಯಾತಕ್ಕೆ ನಾಚಿಕೆ ಎಂದು ಅವಳು ಕೇಳಿಕೊಳ್ಳಲಿಲ್ಲ. ಗುಡಿಸಿ ತೊಳೆದ ಮನೆಗೆ ಸಂಜೆ ಹಿಂದಿರುಗಿದಾಗ ಗೋಡೆಗಳು ಬರಿದಾಗಿ ಕಂಡವು. ನಿನ್ನೆಯೂ ಅವು ಬರಿದಾಗಿಯೇ ಇದ್ದವು, ಆದರೆ ನಿನ್ನೆ ಅವು ಬರೀ ಗೋಡೆಗಳಾಗಿದ್ದವು.

ಆಮೇಲೆ ಅವಳ ಕಣ್ಣು ಎದುರು ಮನೆಯಲ್ಲೇ ನೆಟ್ಟಿತು. ಚಾಪೆ ಹೆಣೆಯುತ್ತಾ ಅತ್ತ ನೋಡುವಳು, ಒಲೆ ಊದುತ್ತಾ ಅತ್ತ ನೋಡುವಳು. ಪೂಜೆಯಲ್ಲಿ ಮೊಣಕಾಲೂರಿದಾಗಲೂ ಮುಚ್ಚಿದ ಕಣ್ಣೊಳಗೆ ಆ ಮನೆಯ ಪಾತ್ರೆಗಳ ಸಾಲು ಹೊಳೆಯುತ್ತಿತ್ತು. ಬಾಯಿ ಪ್ರಾರ್ಥನೆ ಹೇಳುತ್ತಿತ್ತು, ಮನಸ್ಸು ಎಣಿಸುತ್ತಿತ್ತು.

ಒಂದು ಬೆಳಗ್ಗೆ ಜೊಂಡು ಕೊಯ್ಯಲು ನೀರಿಗಿಳಿದಾಗ, ಜೊಂಡಿನ ನಡುವೆ ಒಂದು ಹಿತ್ತಾಳೆಯ ದೀಪ ನಿಂತಿತ್ತು. ತೇಲುತ್ತಿರಲಿಲ್ಲ, ಮುಳುಗಿಯೂ ಇರಲಿಲ್ಲ, ಯಾರೋ ಈಗಷ್ಟೇ ತಂದಿಟ್ಟ ಹಾಗೆ ನೀರಿನ ಮೇಲೆ ನಿಂತಿತ್ತು. ಮುಟ್ಟಿದರೆ ಒಣಗಿತ್ತು. ಯಾವುದೋ ಹಿಂದಿನ ಮಂಗಳವಾರ ಯಾರೋ ದಣಿದು ದಾರಿಯಲ್ಲಿ ಇಳಿಸಿದ್ದು ಎಂದು ಅವಳಿಗೆ ಗೊತ್ತಾಯಿತು. ಊರಿನವರು ಇಂಥವನ್ನು ಕಂಡವರೇ, ಕಂಡೂ ಕಾಣದ ಹಾಗೆ ಬರುತ್ತಿದ್ದರು. ತೆಗೆದುಕೊಳ್ಳಬಾರದು ಎಂಬ ಮಾತನ್ನು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯ ಬಿದ್ದಿರಲಿಲ್ಲ. ಸಲೋಮಿ ಸುತ್ತ ನೋಡಿ ದೀಪವನ್ನು ಜೊಂಡಿನ ಹೊರೆಯೊಳಗೆ ತುರುಕಿಕೊಂಡು ಮನೆಗೆ ಬಂದಳು.

ಮರುದಿನ ದೀಪದ ಕೆಳಗೆ ಅಂಗೈಯಗಲ ನೀರು ನಿಂತಿತ್ತು. ಅವಳು ಒರೆಸಿದಳು. ಅದರ ಮರುದಿನವೂ ನಿಂತಿತ್ತು.

ದೀಪವನ್ನು ನೆಲದ ಮೇಲಿಡುವುದು ಚೆನ್ನಾಗಿ ಕಾಣಲಿಲ್ಲ. ಅದಕ್ಕೊಂದು ಮೇಜಿದ್ದರೆ ಎಂದುಕೊಂಡಳು. ಹುಣ್ಣಿಮೆ ಕಳೆಯುವುದರೊಳಗೆ ಜೊಂಡಿನಲ್ಲಿ ಮೇಜು ನಿಂತಿತ್ತು. ಮೇಜಿದ್ದ ಮೇಲೆ ಕುರ್ಚಿ ಬೇಡವೇ? ಕುರ್ಚಿ ನಿಂತಿತ್ತು. ಆಮೇಲೆ ಗೋಡೆ ಗಡಿಯಾರ, ಆಮೇಲೆ ತಾಮ್ರದ ಹಂಡೆ, ಆಮೇಲೆ ಕೆತ್ತನೆಯ ಪೆಟ್ಟಿಗೆ. ಒಂದೊಂದೂ ಇನ್ನೊಂದನ್ನು ಕೇಳುತ್ತಿತ್ತು. ಬೇಕು ಅನ್ನಿಸಿದ್ದು ಮೂರು ದಿನದಲ್ಲೋ ಎಂಟು ದಿನದಲ್ಲೋ ನೀರಿನ ಮೇಲೆ ಒಣಗಿ ನಿಂತು ಅವಳ ದಾರಿ ಕಾಯುತ್ತಿತ್ತು. ಮನೆಯೊಳಗೆ ಪಾಚಿಯ ವಾಸನೆ ಹಿಡಿಯಿತು. ಬೆಳಗ್ಗೆ ಎದ್ದು ಪ್ರತಿಯೊಂದರ ಕೆಳಗಿನ ನೀರು ಒರೆಸುವುದೇ ಅವಳ ಮೊದಲ ಕೆಲಸವಾಯಿತು.

ಕಿಟಕಿಯ ಪಕ್ಕ ಮೇಜು ಚೆನ್ನಾಗಿ ಕಾಣುತ್ತಿತ್ತು, ಆದ್ದರಿಂದ ಅಕ್ಕ ಒಲೆಯ ಪಕ್ಕಕ್ಕೆ ಹೋದಳು. ಒಲೆಯ ಪಕ್ಕ ಹಂಡೆ ಬಂದಾಗ ಮೂಲೆಗೆ. ಮೂಲೆಗೆ ಪೆಟ್ಟಿಗೆ ಬಂದಾಗ ಬಾಗಿಲ ಹಿಂದಕ್ಕೆ. ಅಲ್ಲಿ ಬಿಸಿಲು ಬರುತ್ತಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಅಕ್ಕ ಕಾಲುಗಳನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಳ್ಳಬೇಕಿತ್ತು. ಕತ್ತಲಲ್ಲಿ ಬೆರಳ ಅಳತೆಯಲ್ಲೇ ಹುರಿ ಹೊಸೆಯುವುದನ್ನು ಅಭ್ಯಾಸ ಮಾಡಿಕೊಂಡಳು.

ಗಂಟೆಯವನು ಬಹಳ ದಿನ ಸುಮ್ಮನಿದ್ದ. ಅವನು ಮಾತಾಡುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುವ ಮನುಷ್ಯ. ಒಂದು ಸಂಜೆ ಗಂಜಿ ಕುಡಿದು, ಕುರ್ಚಿಯ ಕೆಳಗಿನ ನೀರಿಗೆ ಬೆರಳು ಅದ್ದಿ ಮೂಸಿ ನೋಡಿದ.

"ಇದನ್ನು ಕೆರೆ ಕೊಟ್ಟದ್ದು ಅಂದುಕೊಂಡಿದ್ದೀಯಾ," ಎಂದ. "ಕೊಟ್ಟದ್ದಲ್ಲ. ಇಟ್ಟದ್ದು."

ಯಾರಿಗೂ ಬೇಡವಾದದ್ದನ್ನು ತಾನು ತಂದರೆ ತಪ್ಪೇನು ಎಂದು ಸಲೋಮಿ ವಾದಿಸಿದಳು. ಅವನ ಅಜ್ಜನ ಕಾಲದಿಂದ ಈ ಮನೆಯವರು ಊರಿಗೆಲ್ಲ ಗಂಟೆ ಬಾರಿಸಿ ತಾವು ಬರಿಗೈಯಲ್ಲಿ ಉಳಿದದ್ದನ್ನು ಎತ್ತಿ ಆಡಿದಳು. ಹೊರುವ ದಿನ ಇದನ್ನೆಲ್ಲ ಏನು ಮಾಡುವೆ ಎಂದು ಅವನು ಕೇಳಿದ್ದಕ್ಕೆ, ಆ ದಿನ ಬಂದಾಗ ನೋಡೋಣ ಎಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ, ಆದರೆ ಕುರ್ಚಿಯ ಮೇಲೆ ಒಮ್ಮೆಯೂ ಕೂರಲಿಲ್ಲ.

ಕ್ರಿಸ್ಮಸ್ ಕಳೆದು ಮೂರು ವಾರಕ್ಕೆ ಜೊಂಡಿನ ನಡುವೆ ಕನ್ನಡಿ ನಿಂತಿತು. ಎದುರು ಮನೆಯದರಂತೆ ಮೊಳದುದ್ದದ್ದಲ್ಲ, ಆಳೆತ್ತರದ್ದು. ಸುತ್ತ ಬಳ್ಳಿ ಕೆತ್ತಿದ ಕಪ್ಪು ಮರದ ಚೌಕಟ್ಟು. ಅದರೊಳಗೆ ಆಕಾಶ ಮತ್ತು ಕೆರೆ ಒಂದಕ್ಕೊಂದು ಅಂಟಿಕೊಂಡಿದ್ದವು. ಸಲೋಮಿ ಎದುರಿಗೆ ನಿಂತು ನೆಟ್ಟಗಾದಳು. ಒಂದೇ ತಲೆ, ಎರಡೇ ತೋಳು. ತಾನು ಇಷ್ಟು ಚೆನ್ನಾಗಿದ್ದೇನೆಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಅದನ್ನು ಬೆನ್ನಿಗೆ ಕಟ್ಟಿ ತರುವಷ್ಟರಲ್ಲಿ ಬೆವರು ಹರಿಯಿತು, ಆದರೂ ತಂದಳು. ಅದಕ್ಕೆ ಇದ್ದ ಒಂದೇ ಜಾಗ ಬಾಗಿಲ ಹಿಂದಿನದು. ಅಕ್ಕ ಜಗಲಿಗೆ ಹೋದಳು.

ದಿನ ಹತ್ತಿರ ಬಂದ ಹಾಗೆ ಸಲೋಮಿ ಬೀದಿಯಲ್ಲಿ ಮನೆಮನೆಗೆ ಹೋದಳು. ಅಕ್ಕನನ್ನು ಈ ಸಲ ಯಾರಾದರೂ ಹೊರುತ್ತೀರಾ ಎಂದು ಕೇಳಿದಳು. ಹಳೆಯ ಕಾಲದಲ್ಲಿ ಇದು ದೊಡ್ಡ ಮಾತಲ್ಲ. ಬರಿಗೈಯವರು ಬೀದಿಯಲ್ಲಿ ಬೇಕಾದಷ್ಟಿದ್ದರು, ಮುದುಕರನ್ನೂ ಬಾಣಂತಿಯರನ್ನೂ ಕೈಯಿಂದ ಕೈಗೆ ದಾಟಿಸಿಕೊಂಡು ಹಾಡುತ್ತಾ ದಿಬ್ಬ ಹತ್ತುತ್ತಿದ್ದರಂತೆ. ಈಗ ಪ್ರತಿಯೊಬ್ಬರೂ ತಮ್ಮ ಮನೆಯೊಳಗೆ ತಿರುಗಿ ನೋಡಿ, ನಮ್ಮ ಕೈಯೇ ಸಾಲದು ಸಲೋಮಿ, ಎಂದರು. ಯಾರೂ ಗಡುಸಾಗಿ ಹೇಳಲಿಲ್ಲ. ಎದುರು ಮನೆಯಾಕೆ ಅವಳನ್ನು ಕೂರಿಸಿ ಬೆಲ್ಲ ನೀರು ಕೊಟ್ಟು, ನಿಜವಾಗಿಯೂ ಬೇಸರಪಟ್ಟುಕೊಂಡೇ, ಮೂವರು ಮಕ್ಕಳಿಗೂ ಹೊರೆ ಹಂಚಿಯಾಗಿದೆ ಎಂದಳು.

ಹಾಗಾದರೆ ಎಲ್ಲವನ್ನೂ ಬಿಟ್ಟುಬಿಡುತ್ತೇನೆ, ನೀರಿನದು ನೀರಿಗೆ ಹೋಗಲಿ, ಎಂದು ಸಲೋಮಿ ತೀರ್ಮಾನಿಸಿದಳು. ತೀರ್ಮಾನಿಸಿ ಮನಸ್ಸು ಹಗುರಾಗಿ ಅಂದು ಚೆನ್ನಾಗಿ ನಿದ್ದೆಯನ್ನೂ ಮಾಡಿದಳು. ಬೆಳಗ್ಗೆ ಎದ್ದು ಜಗಲಿಗೆ ಬಂದು, ದಪ್ಪಗೆ ಒಂದು ಹಗ್ಗ ಹೊಸೆದು ಕೊಡು, ಆರು ಮಾರು ಬೇಕು, ಎಂದು ಅಕ್ಕನಿಗೆ ಹೇಳಿದಳು. ಯಾಕೆ ಎಂದು ಅಕ್ಕ ಕೇಳಲಿಲ್ಲ. ಎರಡು ದಿನ ಕೂತು ಹೊಸೆದು ಕೊಟ್ಟಳು.

ಮಂಗಳವಾರ ಬಂತು. ಪೂಜೆ ಆಯಿತು. ಮೊದಲನೇ ಗಂಟೆ ಆಯಿತು.

ಸಲೋಮಿ ಮೇಜಿನ ಮೇಲೆ ಕೈಯಾಡಿಸಿ ಬಿಟ್ಟಳು. ಕುರ್ಚಿ ಬಿಟ್ಟಳು, ದೀಪ ಬಿಟ್ಟಳು, ಹಂಡೆ ಬಿಟ್ಟಳು. ಮಡಕೆ, ಬಾಣಲೆ, ಕುಡುಗೋಲು ಎಲ್ಲಿದ್ದವೋ ಅವಳು ನೋಡಲೇ ಇಲ್ಲ. ಕನ್ನಡಿಯ ಎದುರು ಬಂದಾಗ ನಿಂತಳು. ಹೊರಲು ಆಗುತ್ತದೆಯೇ ಎಂದು ಬರೀ ನೋಡೋಣ ಎಂದುಕೊಂಡಳು. ಬೆನ್ನು ತಿರುಗಿಸಿ, ಚೌಕಟ್ಟಿಗೆ ಹಗ್ಗ ಸುತ್ತಿ, ಎದೆಯ ಮೇಲೆ ಗಂಟು ಹಾಕಿ ಎದ್ದು ನಿಂತಳು. ಹೊರಲು ಆಗುತ್ತಿತ್ತು. ಎದ್ದು ನಿಂತ ಮೇಲೆ ಅವಳಿಗೆ ನೆನಪಾಯಿತು, ಹೊತ್ತದ್ದನ್ನು ಇನ್ನು ಇಳಿಸಿದರೆ ಅದು ನೀರಿನದು.

ಜಗಲಿಯ ತುದಿಯಲ್ಲಿ ಅಕ್ಕ ತಲೆ ಬಾಚಿ, ಸೆರಗು ಬಿಗಿದು ಕೂತಿದ್ದಳು. ಎರಡೂ ತೋಳುಗಳನ್ನು ಮುಂದಕ್ಕೆ ಚಾಚಿದ್ದಳು.

ಸಲೋಮಿ ಅವಳ ಮುಖ ನೋಡಲಿಲ್ಲ, ತೋಳುಗಳನ್ನಷ್ಟೇ ನೋಡಿದಳು. ಚರ್ಮ ತೆಳುವಾಗಿ, ಬೆರಳ ತುದಿಗಳು ಜೊಂಡಿನಿಂದ ಸೀಳಿದ್ದವು.

"ಇದನ್ನು ಮೇಲೆ ಮುಟ್ಟಿಸಿ ಬರ್ತೀನಿ ಅಕ್ಕ," ಎಂದಳು. "ಈಗ ಹೋಗಿ ಈಗ ಬಂದೆ."

"ಆಗಲಿ, ಹೋಗಿ ಬಾ," ಎಂದಳು ಅಕ್ಕ. ತೋಳುಗಳನ್ನು ಮಾತ್ರ ಇಳಿಸಲಿಲ್ಲ.

ಎರಡನೇ ಗಂಟೆ ಆಯಿತು. ಊರು ನಡೆಯಿತು.

ಎಲ್ಲರ ಮುಂದೆ ವಯಸ್ಸಾದ ಗುರುಗಳು, ಒಂದು ಮರದ ಶಿಲುಬೆ ಎತ್ತಿಕೊಂಡು. ಅವರ ಹಿಂದೆ ಹೊರೆಗಳು. ಮನುಷ್ಯರಿಗಿಂತ ಹೆಚ್ಚಾಗಿ ಹೊರೆಗಳೇ ಕಾಣುತ್ತಿದ್ದವು. ಮಂಚಗಳಿಗೆ ಕಾಲು ಬಂದಂತೆ, ಪೆಟ್ಟಿಗೆಗಳಿಗೆ ಉಸಿರು ಬಂದಂತೆ ಬೀದಿ ತುಂಬ ತೆವಳುತ್ತಿದ್ದವು. ಯಾರೂ ಹಾಡಲಿಲ್ಲ, ಹಾಡಲು ಯಾರಿಗೂ ದಮ್ಮಿರಲಿಲ್ಲ. ಹಿಂದಿನಿಂದ ನೀರು ಬಂತು. ಅದು ಅಬ್ಬರಿಸಿ ಬರುವುದಿಲ್ಲ. ಬೀದಿಯ ಕಲ್ಲುಗಳನ್ನು ಒಂದೊಂದಾಗಿ ತೋಯಿಸಿಕೊಂಡು, ಬಾಗಿಲ ಎದುರು ಕ್ಷಣ ನಿಂತು, ಕರೆದರೆ ಬರುವವರ ಹಾಗೆ ಒಳಗೆ ಹೋಗುತ್ತದೆ.

ಸಲೋಮಿ ನಡೆದಳು. ಹಗ್ಗ ಎದೆಗೆ ಕಚ್ಚುತ್ತಿತ್ತು. ಹೊರೆಯಡಿ ತೆವಳುತ್ತಿದ್ದವರನ್ನು ಹಿಂದೆ ಹಾಕಿ ಹತ್ತು ಮನೆ ದಾಟಿದಳು. ಮೇಲೆ ಮುಟ್ಟಿಸಿ ಓಡಿ ಬಂದರೆ ಆಯಿತು ಎಂದುಕೊಂಡಳು. ಇಪ್ಪತ್ತು ಮನೆ ದಾಟಿದಳು. ಮೂರನೇ ಗಂಟೆಯ ತನಕ ಮೇಲೆಯೂ ಇಳಿಸುವಂತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ, ಓಡಿ ಬಂದರೆ ಆಯಿತು ಎಂದೇ ಅಂದುಕೊಂಡು ನಡೆದಳು.

ಆಗ ಹಿಂದೆ ಏನೋ ಬದಲಾದದ್ದು ಅವಳಿಗೆ ತಿಳಿಯಿತು. ಹಿಂದಿನವರ ಹೆಜ್ಜೆಯ ಸದ್ದು ದೂರವಾಗುತ್ತಿತ್ತು. ಹೊರೆ ಹೊತ್ತವಳಿಗೆ ತಿರುಗಿ ನೋಡಲು ಆಗುವುದಿಲ್ಲ. ಪಕ್ಕಕ್ಕೆ ಕಣ್ಣು ಹೊರಳಿಸಿದಳು. ತನ್ನ ಹಿಂದೆ ಬರುತ್ತಿದ್ದ ಒಬ್ಬ ಬೀದಿಯ ಅಂಚಿಗೆ ಸರಿದು, ಮುಖ ಗೋಡೆಗೆ ಮಾಡಿ ನಡೆಯುತ್ತಿದ್ದ. ಒಂದು ಹೆಂಗಸು ಸೆರಗಿನಿಂದ ಕಣ್ಣು ಮುಚ್ಚಿಕೊಂಡಿದ್ದಳು. ಒಂದು ಮಗು ಸಲೋಮಿಯ ಬೆನ್ನ ಕಡೆ ನೋಡಿ ಕೈ ಬೀಸಿತು, ಯಾರನ್ನೋ ಗುರುತು ಹಿಡಿದ ಹಾಗೆ. ಅದರ ತಾಯಿ ಕೈಯನ್ನು ಕೆಳಗೆ ಎಳೆದಳು.

ಎದುರು ಮನೆಯಾಕೆ ಮಾತ್ರ ಹತ್ತಿರ ಬಂದಳು. ಅವಳ ತಲೆಯ ಮೇಲೆ ಪಾತ್ರೆಗಳ ಬುಟ್ಟಿ, ಎರಡು ಕಂಕುಳಲ್ಲೂ ಗಂಟುಗಳು. ಬಹಳ ಹೊತ್ತು ಸಲೋಮಿಯ ಹಿಂದೆಯೇ ನಡೆದಳು. ಅವಳ ಏದುಸಿರು ಕೇಳುತ್ತಿತ್ತು.

"ಸಲೋಮಿ," ಎಂದಳು ಕೊನೆಗೆ, ಪಿಸುದನಿಯಲ್ಲಿ. "ನಿನ್ನ ಬೆನ್ನ ಮೇಲೆ ನಿನ್ನ ಅಕ್ಕ ಇದ್ದಾಳೆ."

ಕನ್ನಡಿಯಲ್ಲಿ ಬೀದಿ ಇರಲಿಲ್ಲ. ಮನೆಗಳಿರಲಿಲ್ಲ, ಹಿಂದೆ ಬರುತ್ತಿದ್ದ ಜನರೂ ಇರಲಿಲ್ಲ. ಒಂದು ಜಗಲಿ, ಜಗಲಿಯ ತುದಿಯಲ್ಲಿ ಚಾಚಿದ ಎರಡು ತೋಳು. ಸಲೋಮಿ ಹೆಜ್ಜೆ ಹೆಜ್ಜೆಗೂ ದೂರ ಹೋದಂತೆ ಆ ತೋಳುಗಳು ಚಿಕ್ಕವಾಗುವ ಬದಲು ದೊಡ್ಡವಾಗುತ್ತಿದ್ದವು. ಈಗ ಚೌಕಟ್ಟಿನ ಅಂಚಿನ ತನಕ ಬಂದಿವೆ, ಎಂದಳು ಎದುರು ಮನೆಯಾಕೆ. ನೀರು ಅವಳ ಮಡಿಲಿಗೆ ಬಂದಿದೆ. ಅವಳು ಕರೆಯುತ್ತಿಲ್ಲ ಸಲೋಮಿ, ಸುಮ್ಮನೆ ಕಾಯುತ್ತಿದ್ದಾಳೆ.

ಸಲೋಮಿ ಇನ್ನೂ ಮೂರು ಹೆಜ್ಜೆ ನಡೆದಳು. ಆ ಮೂರು ಹೆಜ್ಜೆಗಳನ್ನು ಅವಳು ಮುಂದೆ ಬಹಳ ವರ್ಷ ಯಾರಿಗೂ ಹೇಳದೆ ನೆನಪಿಟ್ಟುಕೊಂಡಳು. ಆಮೇಲೆ ಅವಳ ಕೈ ಎದೆಯ ಗಂಟಿಗೆ ಹೋಯಿತು. ಅಕ್ಕ ಹೊಸೆದ ಹಗ್ಗ ಸಡಿಲವಾಗಲಿಲ್ಲ. ಉಗುರಿನಿಂದ ಕಿತ್ತಳು, ಹಲ್ಲಿನಿಂದ ಕಚ್ಚಿದಳು. ಬಾಯಿಗೆ ಜೊಂಡಿನ ಒಗರು ಬಂತು, ರಕ್ತ ಬಂತು, ಗಂಟು ಬಿಚ್ಚಿಕೊಂಡು ಬಂತು. ಕನ್ನಡಿ ಬೀದಿಗೆ ಬಿತ್ತು. ಒಡೆಯಲಿಲ್ಲ. ಬಾನಿಗೆ ಮುಖ ಮಾಡಿ ಒಂದು ಸಣ್ಣ ಕೆರೆಯ ಹಾಗೆ ಬಿದ್ದುಕೊಂಡಿತು. ಸಲೋಮಿ ಅದನ್ನು ದಾಟಿ, ಏರಿ ಬರುತ್ತಿದ್ದ ಜನರ ಎದುರಿಗೆ, ಇಳಿಜಾರಿನಲ್ಲಿ ಓಡಿದಳು.

ಹದಿನೈದನೇ ಮನೆಯ ಬಳಿ ನೀರು ಪಾದಕ್ಕೆ ಸಿಕ್ಕಿತು. ಹತ್ತನೆಯದರ ಬಳಿ ಮೊಣಕಾಲಿಗೆ. ನೀರಿನೊಳಗೆ ಏನೇನೋ ಅವಳ ಕಾಲಿಗೆ ತಾಗುತ್ತಿದ್ದವು, ದನಗಳು ಮೈ ಉಜ್ಜುವ ಹಾಗೆ, ಪರಿಚಯದ ಸಲಿಗೆಯಲ್ಲಿ. ಅವಳದೇ ಕುರ್ಚಿ. ಅವಳದೇ ಮೇಜು. ಗಡಿಯಾರ ನೀರೊಳಗೇ ಟಿಕ್ ಟಿಕ್ ಎನ್ನುತ್ತಿತ್ತು. ಹಂಡೆ ಬಂದು ಹೊಟ್ಟೆಗೆ ಒರಗಿ, ಎಲ್ಲಿಗೆ ಹೊರಟೆ ಎನ್ನುವಂತೆ ತಡೆಯಿತು. ಅವಳು ಅವನ್ನು ಎರಡು ಕೈಯಿಂದ ಸರಿಸುತ್ತಾ, ಯೇಸುವೇ, ಯೇಸುವೇ, ಎನ್ನುತ್ತಾ ನಡೆದಳು. ಅದಕ್ಕಿಂತ ಹೆಚ್ಚಿನ ಪ್ರಾರ್ಥನೆ ಅವಳ ಬಾಯಿಗೆ ಬರಲಿಲ್ಲ.

ಜಗಲಿ ಮುಳುಗಿತ್ತು. ನೀರು ಅಕ್ಕನ ಎದೆಯ ತನಕ ಇತ್ತು. ನೀರಿನ ಮೇಲೆ ಎರಡು ತೋಳುಗಳು ಚಾಚಿದ್ದವು.

ಸಲೋಮಿ ತಿರುಗಿ ಬೆನ್ನು ಕೊಟ್ಟಳು. ತೋಳುಗಳು ಕುತ್ತಿಗೆಯ ಸುತ್ತ ಬಂದವು. ಎದ್ದು ನಿಂತಳು. ನೀರಿಗೆ ನೆನೆದ ಅಕ್ಕ ಕನ್ನಡಿಗಿಂತ ಭಾರವಾಗಿದ್ದಳು. ಅದು ಭಾರವೇ, ಹಗುರವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು.

ಮೇಲೆ ಶಿಲುಬೆಯ ನೆರಳು ಹೊಸ್ತಿಲ ಕಲ್ಲನ್ನು ಮುಟ್ಟಿತು. ಮೂರನೇ ಗಂಟೆ ಆಯಿತು.

ನೀರು, ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದವರ ಹಾಗೆ, ನಿಂತಲ್ಲಿ ನಿಂತಿತು. ಆಮೇಲೆ ತಿರುಗಿತು. ಬರುವಾಗ ಅಷ್ಟು ಮೆತ್ತಗೆ ಬಂದದ್ದು ಹೋಗುವಾಗ ಇಡೀ ಬೀದಿಯನ್ನು ತನ್ನ ಕಡೆಗೆ ಎಳೆಯಿತು. ಸಲೋಮಿಯ ಕಾಲಕೆಳಗಿನ ನೆಲ ಜಾರಿತು. ಅಕ್ಕ ನೆಲದ ಮೇಲಿರಲಿಲ್ಲ, ಅವಳನ್ನು ಹೊತ್ತವರಿದ್ದರು. ಹೊತ್ತವಳು ನೆಲದ ಮೇಲಿದ್ದಳು, ಅವಳನ್ನು ಹೊತ್ತವರಿರಲಿಲ್ಲ. ನೀರು ಅವಳನ್ನು ಮಂಡಿಯಲ್ಲಿ ಹಿಡಿದು, ಸೊಂಟದಲ್ಲಿ ಹಿಡಿದು, ತನ್ನದೆಂಬಂತೆ ಕರೆದುಕೊಂಡು ಹೊರಟಿತು.

ಆಗ ಒಂದು ಕೈ ಅವಳ ಮಣಿಕಟ್ಟು ಹಿಡಿಯಿತು.

ಎದುರು ಮನೆಯಾಕೆಯ ಕೈ. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಕಂಕುಳಲ್ಲಿ ಗಂಟಿರಲಿಲ್ಲ. ಅವಳ ಇನ್ನೊಂದು ಕೈಯನ್ನು ಹಿರಿಮಗ ಹಿಡಿದಿದ್ದ, ಅವನನ್ನು ಎರಡನೆಯವನು, ಅವನನ್ನು ಮೂರನೆಯವನು. ಅವರ ಹಿಂದೆ ಗೋಡೆಗೆ ಮುಖ ಮಾಡಿ ನಡೆದಿದ್ದವನು, ಕಣ್ಣು ಮುಚ್ಚಿಕೊಂಡಿದ್ದ ಹೆಂಗಸು, ಇನ್ನೂ ಯಾರುಯಾರೋ. ಬೀದಿಯ ಉದ್ದಕ್ಕೂ ಕೈಗೆ ಕೈ. ಅವರೆಲ್ಲ ಯಾವಾಗ ಇಳಿಸಿದರೋ, ಯಾರು ಮೊದಲು ಇಳಿಸಿದರೋ ಸಲೋಮಿ ನೋಡಿರಲಿಲ್ಲ. ಎಲ್ಲರೂ ಇಳಿಸಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ದಿಬ್ಬದ ಮೇಲೆ ತಮ್ಮ ತಮ್ಮ ಹೊರೆ ಹೊತ್ತು ನಿಂತು ಕೆಳಗೆ ನೋಡುತ್ತಿದ್ದರು.

ಆ ಸಾಲಿನ ಎರಡು ಪಕ್ಕದಲ್ಲೂ ಇಳಿಸಿದ ವಸ್ತುಗಳು ನೀರಿನ ಜೊತೆ ಇಳಿದು ಹೋದವು. ಉರುಳಲಿಲ್ಲ, ಡಿಕ್ಕಿ ಹೊಡೆಯಲಿಲ್ಲ. ಮಂಚ, ಪೆಟ್ಟಿಗೆ, ಬುಟ್ಟಿ, ಆಳೆತ್ತರದ ಕನ್ನಡಿ, ಎಲ್ಲವೂ ನೆಟ್ಟಗೆ ನಿಂತು, ಪೂಜೆಗೆ ಹೊರಟವರಂತೆ ಒಂದರ ಹಿಂದೊಂದು, ಸಾಲು ತಪ್ಪದೆ ಕೆರೆಯ ಕಡೆ ನಡೆದವು. ಹಿಡಿದ ಕೈಗಳನ್ನು ಯಾರೂ ಬಿಡಲಿಲ್ಲ. ಒಬ್ಬಿಬ್ಬರು ಅವುಗಳ ಕಡೆ ತಿರುಗಿ ನೋಡಿದರು, ಅಷ್ಟೆ.

ಬೀದಿ ಬರಿದಾಯಿತು. ಯಾರೋ ಅಕ್ಕನನ್ನು ಇಳಿಸಿಕೊಳ್ಳಲು ಬಂದರು. ಸಲೋಮಿ ಕೊಡಲಿಲ್ಲ. ಅವಳು ಬೀದಿ ಹತ್ತಿ, ದಿಬ್ಬ ಹತ್ತಿ, ಗೋಪುರದ ಇಕ್ಕಟ್ಟಾದ ನಲವತ್ತು ಮೆಟ್ಟಿಲು ಹತ್ತಿ ಹೋದಳು.

ಗಂಟೆಯವನು ಗೋಡೆಗೆ ಮುಖ ಮಾಡಿ ಕೂತಿದ್ದ. ಹಗ್ಗ ಇನ್ನೂ ಅವನ ಮುಂಗೈಗೆ ಸುತ್ತಿಕೊಂಡಿತ್ತು. ಹೆಜ್ಜೆ ಸದ್ದು ಕೇಳಿಯೂ ಅವನು ತಿರುಗಲಿಲ್ಲ.

"ನೀನು ಹೊರಟದ್ದನ್ನು ನೋಡಿದೆ," ಎಂದ. "ಜಗಲಿ ಕಡೆ ಮುಖ ಮಾಡಿ ನಿಂತಾಗ ನಿನ್ನ ಬೆನ್ನಿನ ಕನ್ನಡಿ ನನ್ನ ಕಣ್ಣಿಗೆ ಬಿಸಿಲು ಹೊಡೀತಿತ್ತು."

ಸಲೋಮಿ ಒದ್ದೆ ಬಟ್ಟೆಯಿಂದ ನೀರು ಸುರಿಸುತ್ತಾ ನಿಂತಿದ್ದಳು. "ತಿರುಗಿದ್ದನ್ನು ನೋಡಲಿಲ್ಲವಾ?" ಎಂದು ಕೇಳಿದಳು.

"ಇಲ್ಲ. ಆಮೇಲೆ ನಾನು ನೋಡಲಿಲ್ಲ. ಮೂರನೇ ಗಂಟೆ ಬಾರಿಸಬೇಕಿತ್ತು. ನೋಡಿದ್ದರೆ ಬಾರಿಸೋಕೆ ಆಗ್ತಿರಲಿಲ್ಲ."

ತನ್ನ ಹೆಂಡತಿಯೂ ಅವಳ ಅಕ್ಕನೂ ಎಲ್ಲಿದ್ದಾರೆಂದು ತಿಳಿಯದೆ ಅವನು ಹಗ್ಗ ಎಳೆದಿದ್ದ. ಅದನ್ನು ಅವನು ಹೇಳಲಿಲ್ಲ, ಅವನ ಬೆನ್ನು ಹೇಳುತ್ತಿತ್ತು. ಹೊರಟದ್ದು ನಿಜ. ತಿರುಗಿದ್ದನ್ನು ಗೋಡೆಗೆ ಮುಖ ಮಾಡಿದವನಿಗೆ ತೋರಿಸಲು ಸಲೋಮಿಗೆ ದಾರಿ ಇರಲಿಲ್ಲ.

"ನಾನು ನೋಡಿದೆ," ಎಂದಳು ಅಕ್ಕ, ತಂಗಿಯ ಹೆಗಲ ಮೇಲಿನಿಂದ. "ಹೋದದ್ದನ್ನೂ ನೋಡಿದೆ, ಬಂದದ್ದನ್ನೂ ನೋಡಿದೆ." ನೆನೆದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. "ಚಳಿ ಆಗ್ತಿದೆ. ಯಾರಾದರೂ ನನ್ನನ್ನ ಕೆಳಗೆ ಕರಕೊಂಡು ಹೋಗಿ."

ಗಂಟೆಯವನು ಎದ್ದ. ಕೈಗೆ ಸುತ್ತಿದ ಹಗ್ಗವನ್ನು ಒಂದೊಂದೇ ಸುತ್ತು ಬಿಚ್ಚಿದ. ಅಂಗೈಯಲ್ಲಿ ಗಾಯವಾಗಿತ್ತು. ಹೆಂಡತಿಯ ಎದುರು ಬಂದು, ಮುಖ ನೋಡಿ, ತಿರುಗಿ ಬೆನ್ನು ಕೊಟ್ಟ. ಇಷ್ಟು ವರ್ಷದಲ್ಲಿ ಅವನು ಅಕ್ಕನನ್ನು ಹೊತ್ತದ್ದು ಅದೇ ಮೊದಲು.

ಅವನು ಮುಂದೆ ಇಳಿದ. ಮೆಟ್ಟಿಲುಗಳು ಒದ್ದೆಯಾಗಿದ್ದವು. ಸಲೋಮಿ ಹಿಂದೆ ಇಳಿದಳು. ಬೆನ್ನ ಮೇಲೆ ಏನೂ ಇಲ್ಲದೆ ಅವಳ ನಡಿಗೆ ತಪ್ಪುತ್ತಿತ್ತು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಯ ಮೇಲಿಟ್ಟಳು, ಎದೆಯ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಅಕ್ಕನ ಬೆನ್ನಿಗೆ ಆನಿಸಿದಳು, ಜಾರದ ಹಾಗೆ.